ಕೇಳಿದರೆ ಇಲ್ಲ ಎನ್ನು

ಕೊರಿಯರ್‌ನವನು ಬೆಲ್ ಒತ್ತಿದಾಗ ಅಶ್ಮಿತಾ ಬಂಗುಡೆ ಹುರಿಯುತ್ತಿದ್ದಳು. ಒಲೆ ಸಣ್ಣ ಮಾಡಿ, ಮಸಾಲೆಯ ಕೈಯನ್ನು ನೈಟಿಗೆ ಒರೆಸಿಕೊಂಡು ಸಹಿ ಹಾಕಿದಳು. ಲಕೋಟೆಯೊಳಗೆ ಮೂರು ಪಾಸ್‌ಪೋರ್ಟ್ ಇದ್ದವು. ಒಂದು ಗಂಡ ಸುಕೇಶನದು, ಒಂದು ತನ್ನದು, ಒಂದು ಏಳು ವರ್ಷದ ಮಗಳು ನಿಖಿತಾ, ಅಂದರೆ ನಿಕ್ಕಿಯದು. ಮೂರೂ ದುಡ್ಡು ಹಾಕಿದವರಿಗೆ ಪೌರತ್ವ ಕೊಡುವ ಒಂದು ದ್ವೀಪದೇಶದವು. ಮಗಳ ಗ್ಲೋಬಿನಲ್ಲಿ ಆ ದೇಶ ಸಾಸಿವೆ ಕಾಳಿನಷ್ಟೂ ಇರಲಿಲ್ಲ.

ಹೋದ ವರ್ಷ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬಲಗೈ ಎತ್ತಿ, ಯಾರೋ ಅಧಿಕಾರಿ ಹೇಳಿಕೊಟ್ಟ ನಾಲ್ಕು ಸಾಲುಗಳನ್ನು ಅವಳು ಹಾಗೆಯೇ ಹೇಳಿದ್ದಳು. ಒಳಗೆ ಕುಕ್ಕರ್ ಸೀಟಿ ಹಾಕುತ್ತಿತ್ತು. ಅದು ಎಷ್ಟನೆಯ ಸೀಟಿ ಎಂಬ ಯೋಚನೆಯಲ್ಲೇ ಪ್ರಮಾಣವಚನ ಮುಗಿದಿತ್ತು. "ಇದರಿಂದ ನಮ್ಮ ಇಂಡಿಯನ್ ಪಾಸ್‌ಪೋರ್ಟಿಗೆ ಎಂತ ಆಗುವುದಿಲ್ವಾ?" ಎಂದು ಆಗಲೇ ಕೇಳಿದ್ದಳು. "ಮನೆಗೆ ಎರಡು ಕೀ ಮಾಡಿಸುವುದಿಲ್ವಾ, ಹಾಗೆಯೇ," ಎಂದು ಸುಕೇಶ ನಕ್ಕಿದ್ದ.

ಅವನು ಈಗ ಜಾರ್ಜಿಯಾದಲ್ಲಿದ್ದ. ಅಲ್ಲಿ ಒಂದು ಫ್ಲ್ಯಾಟು, ಅದರ ಮೇಲೆ ವಾಸದ ಪರವಾನಗಿ. ದುಬೈಯಲ್ಲಿ ಇನ್ನೊಂದು ಪರವಾನಗಿ. ಸಿಂಗಾಪುರದಲ್ಲಿ ಬ್ಯಾಂಕ್ ಖಾತೆ. ಮನೆಯಿರುವ ಈ ಕುವೈತಿನಲ್ಲಿ ಅರ್ದಿಯಾದ ಗೋದಾಮು, ಇಲ್ಲಿನ ಪ್ರಾಯೋಜಕ ಕಫೀಲನ ಹೆಸರಿನಲ್ಲಿರುವ ಆಹಾರ ಸಾಮಾನಿನ ವ್ಯಾಪಾರ. ಎಲ್ಲವನ್ನೂ ಒಂದೇ ದೇಶದಲ್ಲಿ ಇಡಬಾರದು ಎನ್ನುವುದು ಅವನ ಹಟ. ಅದಕ್ಕೆ ಕಾರಣ ಅವನ ಅಪ್ಪ ಸೇಸಪ್ಪ. ತೊಂಬತ್ತರ ಯುದ್ಧದಲ್ಲಿ ಅವರು ಹನ್ನೊಂದು ವರ್ಷದ ದುಡಿಮೆಯನ್ನು ಇಲ್ಲೇ ಬಿಟ್ಟು, ಒಂದು ಕೈಚೀಲ ಹಿಡಿದು, ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನ್ ಗಡಿಯ ಮರಳಲ್ಲಿ ಹದಿನೇಳು ದಿನ ಕೂತವರು. ಆ ಕತೆಯನ್ನು ಸುಕೇಶ ಅನ್ನದ ಜೊತೆ ಉಂಡು ಬೆಳೆದಿದ್ದ.

ಅಶ್ಮಿತಾಳಿಗೆ ನಡುಕ ಹುಟ್ಟಿದ್ದು ನಿನ್ನೆ. ಅವಳ ಮತ್ತು ಮಗಳ ಭಾರತದ ಪಾಸ್‌ಪೋರ್ಟ್‌ಗಳು ಮುಗಿಯುತ್ತ ಬಂದಿದ್ದವು. ಅವು ಹೊಸದಾಗದೆ ಇಕಾಮಾ, ಅಂದರೆ ಕುವೈತಿನ ವಾಸದ ಪರವಾನಗಿ, ಮುಂದುವರಿಯುವುದಿಲ್ಲ. ಇಕಾಮಾಕ್ಕೆ ಉಳಿದದ್ದು ಹನ್ನೆರಡೇ ದಿನ. ಅರ್ಜಿಯ ಸೂಚನೆಗಳನ್ನು ಫೋನಿನಲ್ಲಿ ಓದುತ್ತ ಹೋದವಳು ಒಂದು ಸಾಲಿನಲ್ಲಿ ನಿಂತುಬಿಟ್ಟಳು. ಬೇರೆ ದೇಶದ ಪೌರತ್ವವನ್ನು ತಾವಾಗಿ ಪಡೆದವರು ಆ ದಿನದಿಂದಲೇ ಭಾರತದ ಪ್ರಜೆಗಳಲ್ಲ, ಪಾಸ್‌ಪೋರ್ಟನ್ನು ಒಪ್ಪಿಸಬೇಕು, ಮುಚ್ಚಿಟ್ಟರೆ ಅಪರಾಧ.

ಅವಳು ಫೋನ್ ಮಾಡಿದಳು.

"ಬಂತಾ? ಮೂರೂ ಬಂತಾ?" ಸುಕೇಶನ ದನಿಯಲ್ಲಿ ಹಬ್ಬವಿತ್ತು. "ಫೋಟೋ ಗೀಟೋ ತೆಗೆದು ಕಳಿಸಬೇಡ ಮತ್ತೆ."

"ಇವತ್ತು ನಾಲ್ಕು ಗಂಟೆಗೆ ಅಪಾಯಿಂಟ್‌ಮೆಂಟ್ ಉಂಟು. ಅರ್ಜಿಯಲ್ಲಿ ಕೇಳ್ತಾರೆ, ಬೇರೆ ಪೌರತ್ವ ಉಂಟಾ ಅಂತ."

"ಇಲ್ಲ ಅಂತ ಬರಿ."

"ಉಂಟಲ್ಲ ಮಾರಾಯ್ರೆ. ಮೇಜಿನ ಮೇಲೆ ಉಂಟು."

"ಅವರಿಗೆ ಕಾಣ್ತದಾ ನಿನ್ನ ಮೇಜು? ಎಷ್ಟು ಜನ ಹೀಗೆ ಮಾಡ್ತಾರೆ ಗೊತ್ತುಂಟಾ ನಿಂಗೆ? ಇದು ಇಲ್ಲಿಗೆ, ಅದು ಅಲ್ಲಿಗೆ. ನಿಕ್ಕಿಗೂ ಹೇಳಿಡು. ಕೌಂಟರಿನಲ್ಲಿ ಮಕ್ಕಳನ್ನು ಸುಮ್ಮನೆ ಮಾತಾಡಿಸ್ತಾರೆ."

ಪಾಸ್‌ಪೋರ್ಟ್‌ಗಳನ್ನು ಅವಳು ಅಕ್ಕಿಯ ಡಬ್ಬಿಯಲ್ಲಿ ಹುಗಿದಳು. ಐದು ನಿಮಿಷದಲ್ಲಿ ತೆಗೆದು ಬಟ್ಟೆಯ ಅಡಿಗಿಟ್ಟಳು. ಯಾರಾದರೂ ಬಂದು ಹುಡುಕಿದರೆ ಎಂಬ ಯೋಚನೆ ಬಂತು. ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ಕೇಳಿಕೊಳ್ಳುವಷ್ಟು ತಾಳ್ಮೆಯೂ ಇರಲಿಲ್ಲ. ಕೊನೆಗೆ ಮೂರನ್ನೂ ತನ್ನ ಕೈಚೀಲದ ಒಳಜೇಬಿಗೆ ತುರುಕಿದಳು. ಅಷ್ಟರಲ್ಲಿ ಮೀನು ಒಂದು ಮಗ್ಗುಲು ಕರಿಯಾಗಿತ್ತು.

ಮಗಳು ಶಾಲೆಯಿಂದ ಬಂದಳು. ಅನ್ನ ಕಲಸಿ ಬಾಯಿಗಿಡುತ್ತ ಅಶ್ಮಿತಾ ಪಾಠ ಹೇಳಿಕೊಟ್ಟಳು.

"ಅಲ್ಲಿ ಅಂಕಲ್ ಕೇಳಿದ್ರೆ, ಬೇರೆ ಪಾಸ್‌ಪೋರ್ಟ್ ಉಂಟಾ ಅಂತ, ಎಂತ ಹೇಳ್ತಿ?"

"ನೋ."

"ಹೊಸ ದೇಶದ ಹೆಸರು ಹೇಳಿದ್ರೆ?"

"ನೋ."

"ನಿನ್ನ ಊರು ಯಾವುದು ಅಂತ ಕೇಳಿದ್ರೆ?"

ನಿಕ್ಕಿ ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಅಮ್ಮನನ್ನು ನೋಡಿದಳು. "ವಿಚ್ ಒನ್ ಶುಡ್ ಐ ಸೇ, ಮಮ್ಮಿ?"

ಅಶ್ಮಿತಾ ಉಡುಪಿ ಎಂದು ಹೇಳಿಕೊಡಲು ಬಾಯಿ ತೆರೆದಳು. ಇವತ್ತು ಅದೂ ಸುಳ್ಳೋ ನಿಜವೋ ಅವಳಿಗೆ ತಿಳಿಯಲಿಲ್ಲ. "ನೀರು ಕುಡಿ," ಎಂದಳು.

ಟ್ಯಾಕ್ಸಿಯಲ್ಲಿ ರುಮೈಥಿಯಾದ ತಿರುವು ದಾಟುವಾಗ ಪೊಲೀಸ್ ಕಾರೊಂದು ಪಕ್ಕಕ್ಕೆ ಬಂತು. ಸಿಗ್ನಲ್ ಹಸಿರಾಗಿ ಅದು ಮುಂದೆ ಹೋಗುವವರೆಗೆ ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ಕೈಚೀಲ ಮಡಿಲಲ್ಲಿ ಕಲ್ಲಿನ ಹಾಗೆ ಭಾರವಾಗಿತ್ತು.

ಭಾರತದ ಪಾಸ್‌ಪೋರ್ಟ್ ಕಚೇರಿಯ ಕೆಳಗೆ ರಮ್ಲಾಳ ಟೈಪಿಂಗ್ ಅಂಗಡಿ. ಅರ್ಜಿಗಳನ್ನು ತುಂಬಿಕೊಡುವುದು ಅವಳ ಕೆಲಸ. ಮಂಗಳೂರಿನವಳು, ಬ್ಯಾರಿ, ಹನ್ನೆರಡು ವರ್ಷದಿಂದ ಅದೇ ಕುರ್ಚಿ. ಅಶ್ಮಿತಾಳ ಬಾಣಂತನದಲ್ಲಿ ಮೂರು ತಿಂಗಳು ಗಂಜಿ ಕಳಿಸಿದವಳು.

"ಬನ್ನಿ ಅಶ್ಮಿತಕ್ಕ. ಎಂತ ಮುಖ ಇದು, ಇಂಜೆಕ್ಷನ್‌ಗೆ ಬಂದವರ ಹಾಗೆ?" ಎನ್ನುತ್ತಲೇ ರಮ್ಲಾ ಟೈಪ್ ಮಾಡತೊಡಗಿದಳು. ಹೆಸರು, ಹುಟ್ಟಿದ ಊರು, ಗಂಡನ ಹೆಸರು. ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದುವುದು ಅವಳ ರೂಢಿ. "ಪೊಲೀಸ್ ಕೇಸ್ ಉಂಟಾ? ಇಲ್ಲ. ಬೇರೆ ದೇಶದ ಪೌರತ್ವ?"

"ಇಲ್ಲ," ಎಂದಳು ಅಶ್ಮಿತಾ. ಅಷ್ಟು ಸಲೀಸಾಗಿ ಬಾಯಿಂದ ಬಂದದ್ದು ಕಂಡು ಅವಳಿಗೇ ಹೆದರಿಕೆಯಾಯಿತು. ಪ್ರಿಂಟ್ ಬಂತು. ಸಹಿ ಹಾಕಿದಳು.

"ಇನ್ನು ನಮ್ಮ ರಾಣಿಯದ್ದು," ಎಂದು ರಮ್ಲಾ ಕುರ್ಚಿಯನ್ನು ನಿಕ್ಕಿಯ ಕಡೆ ತಿರುಗಿಸಿ ಪೊಲೀಸರ ಹಾಗೆ ಹುಬ್ಬು ಗಂಟಿಕ್ಕಿದಳು. "ಹೇಳಮ್ಮ, ನಿಂಗೆ ಬೇರೆ ದೇಶ ಉಂಟಾ?"

ತಮಾಷೆ ಎಂದು ಮಗುವಿಗೆ ತಿಳಿಯಲಿಲ್ಲ. "ನೋ," ಎಂದಳು. "ನೋ. ನೋ, ಆಂಟಿ." ತುಟಿ ಬೆಳ್ಳಗಾಯಿತು. ಎರಡೂ ಕೈ ಬೆನ್ನ ಹಿಂದೆ ಹೋದವು. ಯೂನಿಫಾರ್ಮ್ ಬದಲಿಸದೆ ಕರೆತಂದಿದ್ದ ಮಗಳ ಬಿಳಿ ಸಾಕ್ಸ್ ಒದ್ದೆಯಾಗುವುದನ್ನು, ಟೈಲ್ಸ್ ಮೇಲೆ ನೀರು ಹರಡುವುದನ್ನು ಅಶ್ಮಿತಾ ನೋಡಿದಳು. ಮೂರು ವರ್ಷ ತುಂಬಿದ ಮೇಲೆ ನಿಕ್ಕಿ ಒಮ್ಮೆಯೂ ಹಾಗೆ ಮಾಡಿಕೊಂಡವಳಲ್ಲ.

ರಮ್ಲಾಳ ನಗು ನಿಂತಿತು. ಅವಳು ಅಂಗಡಿಯ ಶಟರನ್ನು ಅರ್ಧ ಎಳೆದು, ಟಿಶ್ಯೂ ಡಬ್ಬಿ ತಂದು ನೆಲದ ಮೇಲೆ ಕೂತಳು. ಅಶ್ಮಿತಾ ಮಗಳ ಶೂ ಬಿಚ್ಚಿ ಕಾಲೊರೆಸಿದಳು. ತನ್ನ ಶಾಲನ್ನು ಮಗಳ ಸೊಂಟಕ್ಕೆ ಸುತ್ತಿದಳು.

"ಎಲ್ಲಿಯದ್ದು?" ರಮ್ಲಾ ಕೊನೆಗೆ ಮೆಲ್ಲಗೆ ಕೇಳಿದಳು.

ಅಶ್ಮಿತಾ ಹೊಸ ಪಾಸ್‌ಪೋರ್ಟಿನ ದೇಶದ ಹೆಸರು ಹೇಳಿದಳು.

"ಅಲ್ಲಾಹ್... ಇಲ್ಲ ಅಂತ ಕೊಟ್ರೆ ಇವತ್ತಿಗೆ ಆಗ್ತದೆ ಅಕ್ಕ. ಆಮೇಲೆ ಏರ್‌ಪೋರ್ಟಲ್ಲೋ ಎಲ್ಲೋ ಒಂದು ದಿನ ಎರಡೂ ಒಟ್ಟಿಗೆ ಸಿಕ್ಕಿದ್ರೆ ಸಹಿ ಹಾಕಿದ್ದು ನೀವು. ಮಗುವಿನದ್ದಕ್ಕೂ ನೀವೇ."

"ಹೌದು ಅಂತ ಕೊಟ್ರೆ?"

"ಈ ಪಾಸ್‌ಪೋರ್ಟ್ ತೆಗೆದುಕೊಳ್ತಾರೆ. ಹೊಸ ದೇಶದ್ದರಲ್ಲಿ ಇಕಾಮಾ ಆಗ್ತದಾ, ಎಷ್ಟು ದಿನ ಹಿಡೀತದೆ, ನಂಗೆ ಗೊತ್ತಿಲ್ಲ. ಸುಳ್ಳು ಹೇಳುವುದಿಲ್ಲ. ನಾನು ಇಷ್ಟು ವರ್ಷದಲ್ಲಿ ಅಂಥದ್ದು ಟೈಪ್ ಮಾಡಲೇ ಇಲ್ಲ."

ಅಂದರೆ ಈ ಮನೆಗೂ ಶಾಲೆಗೂ ಉಳಿದದ್ದು ಬರೀ ಹನ್ನೆರಡು ದಿನ. ಅಶ್ಮಿತಾ ತನ್ನ ಸಹಿಯಿದ್ದ ಕಾಗದವನ್ನು ನಾಲ್ಕು ಚೂರು ಮಾಡಿದಳು.

"ಎರಡರಲ್ಲೂ ಹೌದು ಅಂತ ಹಾಕು ರಮ್ಲಾ."

ಅದು ಪ್ರಿಂಟ್ ಆಗುತ್ತಿರುವಾಗಲೇ ಅವಳು ಗಂಡನಿಗೆ ಫೋನ್ ಮಾಡಿ ಹೇಳಿದಳು. ಸುಕೇಶ ಕೂಗಾಡಿದ. ಹುಚ್ಚು ಹಿಡಿದಿದೆಯಾ ಎಂದ, ಐದು ವರ್ಷದ ಕೆಲಸ ಒಂದು ಗಳಿಗೆಯಲ್ಲಿ ಖಲಾಸ್ ಎಂದ. ಅವನ ದನಿ ಒಡೆದಾಗ ಅವಳಿಗೆ ಗೊತ್ತಾಯಿತು, ಅವನೂ ಹೆದರಿದ್ದಾನೆ, ತನಗಿಂತ ಎಷ್ಟೋ ಹಿಂದಿನಿಂದ.

"ಅಪ್ಪ ಆ ಗಡಿಯಲ್ಲಿ ಕೂತದ್ದು ನಿನಗೆ ಗೊತ್ತುಂಟಲ್ಲ, ಅಶ್ಮಿ. ನೀವಿಬ್ಬರೂ ಹಾಗೆ ಎಲ್ಲಿಯೂ ಕೂರಬಾರದು ಅಂತಲೇ ನಾನು..."

"ಗೊತ್ತುಂಟು. ಆದ್ರೆ ಮಾವನಿಗೆ ಅಲ್ಲಿ ತಮ್ಮ ಪಾಸ್‌ಪೋರ್ಟ್ ತೋರಿಸ್ಲಿಕ್ಕೆ ಹೆದರಿಕೆ ಇರ್ಲಿಲ್ಲ." ಅವಳು ಮಗಳ ಸೊಂಟದ ಶಾಲನ್ನು ಬಿಗಿ ಮಾಡಿದಳು. "ನಿಕ್ಕಿ ಇಲ್ಲಿ ನಿಂತಲ್ಲೇ ಒದ್ದೆ ಮಾಡಿಕೊಂಡಳು. ನೀವು ಸಿಕ್ಕಿದ ವಿಮಾನ ಹತ್ತಿ ಬನ್ನಿ."

"ಯಾವ ಪಾಸ್‌ಪೋರ್ಟಲ್ಲಿ ಬರ್ಲಿ? ಹೊಸದು ನಿನ್ನ ಹತ್ತಿರ ಉಂಟು. ಹಳೆಯದು ಇನ್ನು ನಡೀತದಾ?" ಎಂದ ಸುಕೇಶ. ಅದು ತಮಾಷೆಯಾಗಿರಲಿಲ್ಲ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಮೇಲಿನ ಕೌಂಟರಿನಲ್ಲಿದ್ದ ಯುವತಿ ಅರ್ಜಿಯನ್ನು ಎರಡು ಸಲ ಓದಿದಳು. "ಮೇಡಂ, ಯೇ ಸಹೀ ಹೈ ಕ್ಯಾ?"

"ಸಹೀ ಹೈ," ಎಂದು ಅಶ್ಮಿತಾ ಕೈಚೀಲ ತೆರೆದಳು. ಹಳೆಯ ಎರಡು, ಹೊಸ ಎರಡು, ನಾಲ್ಕನ್ನೂ ಗಾಜಿನ ಕೆಳಗೆ ತಳ್ಳಿದಳು. ಯುವತಿ ಅವನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಬಾಗಿಲು ಮುಚ್ಚಿತು. ಕೂತಿರಿ ಎಂದಷ್ಟೇ ಯಾರೋ ಹೇಳಿದರು.

ಬೆಂಚಿನ ಮೇಲೆ ನಿಕ್ಕಿ ಶಾಲು ಸುತ್ತಿಕೊಂಡು ಒತ್ತಿ ಕೂತಳು. "ಮಮ್ಮಿ, ನೌ ಟೆಲ್ ಆರ್ ಡೋಂಟ್ ಟೆಲ್?"

"ಕೇಳಿದ್ದಕ್ಕೆಲ್ಲ ಹೇಳು ಮಗಾ. ಎಂತ ಉಂಟೋ ಅದನ್ನೇ."

ನಿಕ್ಕಿ ಸ್ವಲ್ಪ ಹೊತ್ತು ಕಾಲು ಆಡಿಸಿದಳು. ಆಮೇಲೆ ಪಕ್ಕದಲ್ಲಿ ಟೋಕನ್ ಹಿಡಿದು ಕೂತಿದ್ದ ಅಪರಿಚಿತ ಅಜ್ಜಿಯ ಕಡೆ ತಿರುಗಿದಳು. ಯಾರೂ ಕೇಳದಿದ್ದರೂ, ತನಗೆ ಹೊಸ ದೇಶ ಬಂದಿದೆಯೆಂದೂ ಅಲ್ಲಿ ತಾನು ಹೋಗಿಯೇ ಇಲ್ಲವೆಂದೂ ಆಮೇಲೆ ತನ್ನ ಸಾಕ್ಸ್ ಒದ್ದೆಯಾಯಿತೆಂದೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳತೊಡಗಿದಳು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮುಚ್ಚಿದ ಬಾಗಿಲಿನಿಂದ ಕಣ್ಣು ತೆಗೆಯದೆ, ಮಗಳನ್ನು ತಡೆಯದೆ, ಅಶ್ಮಿತಾ ಕೂತೇ ಇದ್ದಳು.