ದೋಣಿ ಆಟದ ಕೊನೆ

ಅಂಬಿಗ ಹತ್ತು ನಾಣ್ಯ ಕೇಳಿದ. ಇಲ್ಮಾ ‘ಇಲ್ಲ’ ಒತ್ತಿದಳು. ‘ಸರಿ. ದೋಣಿ ಇಲ್ಲೇ ಇರುತ್ತದೆ’ ಎಂಬ ಇಂಗ್ಲಿಷ್ ಸಾಲು ಪರದೆಯ ಕೆಳಗೆ ಮೂಡಿ ಮಾಯವಾಯಿತು. ಅವಳು ಆಟದ ಹುಡುಗನನ್ನು ನದಿಯ ದಡದಲ್ಲಿ ಒಂದು ಸುತ್ತು ಓಡಾಡಿಸಿದಳು. ಅವನ ಬೆನ್ನಿಗೇ ಕೆಂಪು ಅಂಗಿಯ ಪುಟ್ಟ ತಂಗಿಯೂ ಓಡಾಡಿದಳು. ಇಬ್ಬರನ್ನೂ ಮತ್ತೆ ತಂದು ಅಂಬಿಗನ ಮುಂದೆ ನಿಲ್ಲಿಸಿದಳು. ಅಂಬಿಗ ಮತ್ತೆ ಹತ್ತು ನಾಣ್ಯ ಕೇಳಿದ. ಇದು ಹನ್ನೊಂದನೆಯ ಸಲ.

ಅವನು ಆಡಬೇಕಾಗಿದ್ದ ಮಾತು ಬೇರೆ. ‘ತಂಗಿಯನ್ನು ಬಿಟ್ಟು ಹೋಗುವವನಿಗೆ ನನ್ನ ದೋಣಿಯಲ್ಲಿ ಜಾಗವಿಲ್ಲ’ ಎನ್ನಬೇಕಿತ್ತು. ಹುಡುಗ ತಂಗಿಯ ಪಕ್ಕ ದಡದಲ್ಲೇ ಉಳಿದುಬಿಡಬೇಕಿತ್ತು, ಆಟ ಅಲ್ಲಿಗೆ ಮುಗಿಯಬೇಕಿತ್ತು. ಆರು ವರ್ಷದವಳಿದ್ದಾಗ ಇಲ್ಮಾ ಇದನ್ನು ಕಣ್ಣಾರೆ ಕಂಡಿದ್ದಳು, ಕಿವಿಯಾರೆ ಕೇಳಿದ್ದಳು. ಕಳೆದ ತಿಂಗಳು ಅದನ್ನೇ ಬರೆದು ಹೆಸರೂ ಮಾಡಿದ್ದಳು.

ಮೂಡಿಗೆರೆಯಲ್ಲಿ ಅಪ್ಪ ನಜೀರ್ ಸಾಬರ ಮೋಟಾರ್ ರಿಪೇರಿ ಅಂಗಡಿಯ ಮೇಲಿನ ಕೋಣೆ ಅವಳ ಕಚೇರಿ. ಕಾಫಿ ಕೊಯ್ಲಿನ ಕಾಲವಾದ್ದರಿಂದ ಕೆಳಗೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟಾರುಗಳ ಜಾತ್ರೆ. ಮೇಲೆ ಮಗಳು ಹಳೆಯ ವಿಡಿಯೋ ಕಥೆಯಾಟಗಳನ್ನು ಆಡಿ ಕನ್ನಡದಲ್ಲಿ ವಿಮರ್ಶೆ ಬರೆಯುತ್ತಾಳೆ. ಅಪ್ಪನ ಪ್ರಕಾರ ಇದು ಕೆಲಸವೇ ಅಲ್ಲ, ತಿಂಗಳ ಸಂಬಳ ಬರುವುದಾದರೆ ಮಾತ್ರ ಅಭಿಪ್ರಾಯ ಬದಲಿಸಲು ಅವರು ತಯಾರಿದ್ದರು. ಆ ಸಂಬಳ ಈಗ ಹತ್ತಿರ ಬಂದಿತ್ತು. ಬೆಂಗಳೂರಿನ ಒಂದು ಜಾಲಪತ್ರಿಕೆಯ ಸಂಪಾದಕಿ ಸೌಂದರ್ಯ, ಇಲ್ಮಾ ನೆನಪಿನಿಂದ ಬರೆದ ‘ದೋಣಿ ಬಿಡದ ಅಂಬಿಗ’ ಎಂಬ ಮುನ್ನೋಟವನ್ನು ಪ್ರಕಟಿಸಿದ್ದಳು. ಅದು ಊರೆಲ್ಲ ಓಡಾಡಿತ್ತು. ಈಗ ಆ ಆಟ ಇನ್ನೆರಡು ಹಳೆಯ ಆಟಗಳ ಜೊತೆ, ಕೈಯಲ್ಲಿ ಹಿಡಿದು ಆಡುವ ಹೊಸ ಕನ್ಸೋಲಿಗೆ ಮತ್ತೆ ಬಿಡುಗಡೆಯಾಗುತ್ತಿತ್ತು. ವಿಮರ್ಶೆ ಚೆನ್ನಾಗಿ ಬಂದರೆ ಮುಂದಿನ ತಿಂಗಳಿಂದ ಇಲ್ಮಾ ಕಾಯಂ ಬರಹಗಾರ್ತಿ. ಆಟದ ಕಂಪನಿಯ ಕಟ್ಟಳೆಯಂತೆ ಇಂದು ಸಂಜೆ ಐದೂವರೆಗಿಂತ ಮೊದಲು ಯಾರೂ ಏನೂ ಪ್ರಕಟಿಸುವ ಹಾಗಿಲ್ಲ, ನಂತರ ಒಂದು ನಿಮಿಷ ತಡವಾದರೂ ಓದುವವರಿಲ್ಲ.

ಮೊದಲೆರಡು ಆಟಗಳನ್ನು ಅವಳು ಕಣ್ಣುರಿಯುವಷ್ಟು ಆಡಿ ಮುಗಿಸಿದ್ದಳು. ಸಂಗೀತ ಸೊಗಸಾಗಿದೆ, ಕಾದಾಟವನ್ನು ಬೇಗ ಓಡಿಸುವ ಬಟನ್ ಕೊಟ್ಟಿದ್ದು ಪುಣ್ಯದ ಕೆಲಸ, ಅಕ್ಷರ ಮಾತ್ರ ಇರುವೆ ಗಾತ್ರ ಎಂದೆಲ್ಲ ಟಿಪ್ಪಣಿಯಾಗಿತ್ತು. ಮೂರನೆಯದು ಗೊತ್ತಿರುವ ಆಟವೇ ಎಂಬ ಧೈರ್ಯದಲ್ಲಿ ಕೊನೆಗೆ ಇಟ್ಟುಕೊಂಡಿದ್ದಳು. ಅದೇ ಎಡವಟ್ಟಾಯಿತು.

ಹನ್ನೆರಡನೆಯ ಸಲ ಅವಳು ದಡದಲ್ಲಿ ಆಟವನ್ನು ಸೇವ್ ಮಾಡಿ, ‘ಹೌದು’ ಒತ್ತಿ ನಾಣ್ಯ ಕೊಟ್ಟಳು. ದೋಣಿ ಹೊರಟಿತು. ಹುಡುಗ ಒಬ್ಬನೇ ಅದರಲ್ಲಿದ್ದ. ಕೆಂಪು ಅಂಗಿಯ ಹುಡುಗಿ ದಡದಲ್ಲಿ ನಿಂತೇ ಇದ್ದಳು, ಪರದೆಯ ಅಂಚು ದಾಟಿ ಮರೆಯಾಗುವವರೆಗೂ. ಆಮೇಲೆ ಕಪ್ಪು ಪರದೆಯ ಮೇಲೆ ‘ಅಧ್ಯಾಯ ಎರಡು’ ಎಂದು ಬಂತು. ಅವಳು ಕೊನೆ ಅಂದುಕೊಂಡಿದ್ದು ಆಟದ ಕಾಲುಭಾಗವೂ ಆಗಿರಲಿಲ್ಲ.

ಹತ್ತು ದಿನದಿಂದ ಮೇಲ್‌ನಲ್ಲಿ ಬಿದ್ದಿದ್ದ ಕಂಪನಿಯ ಪ್ರಕಟಣೆಯನ್ನು ಈಗ ತೆರೆದಳು. ಎರಡನೆಯ ಸಾಲಿನಲ್ಲೇ ಇತ್ತು: ಜಪಾನಿ ಬಿಟ್ಟು ಬೇರೊಂದು ಭಾಷೆಯಲ್ಲಿ ಈ ಆಟ ಬರುತ್ತಿರುವುದು ಇದೇ ಮೊದಲು. ಹಾಗಾದರೆ ಇಪ್ಪತ್ತೆರಡು ವರ್ಷದ ಹಿಂದೆ ಅಣ್ಣ ಉಬೈದ್ ಒಂದೊಂದೇ ಸಾಲು ಓದಿ ಅವಳಿಗೆ ಅರ್ಥ ಹೇಳಿದ್ದು ಯಾವ ಇಂಗ್ಲಿಷಿನಿಂದ? ಮುನ್ನೋಟದ ಕೆಳಗೆ ಒಬ್ಬ ಓದುಗ, ‘ನಾನು ಜಪಾನಿ ಆಟ ಆಡಿದ್ದೇನೆ, ಇಂಥ ದೃಶ್ಯವೇ ಇಲ್ಲ’ ಎಂದು ಬರೆದಿದ್ದ. ‘ಪೂರ್ತಿ ಆಡಿ ನೋಡಿ ಸರ್’ ಎಂದು ಇಲ್ಮಾ ಜಂಬದಿಂದ ಉತ್ತರಿಸಿದ್ದಳು. ಅದು ನೆನಪಾಗಿ ಅವಳು ಅಣ್ಣನಿಗೆ ಫೋನ್ ಹಚ್ಚಿದಳು.

ಉಬೈದ್ ಗೋಣಿಬೀಡಿನಲ್ಲಿ ಜೀಪ್ ಗ್ಯಾರೇಜ್ ಇಟ್ಟಿದ್ದ. ನಾಲ್ಕನೆಯ ಸಲ ಫೋನ್ ಎತ್ತಿದ.

“ಭಾಯ್, ದೋಣಿ ಆಟದಲ್ಲಿ ಅಂಬಿಗ ಆ ಮಾತು ಹೇಳ್ತಾನೇ ಇಲ್ಲ.” ಅವರ ಮನೆಮಾತು ಉರ್ದು, ಆದರೆ ಅಣ್ಣತಂಗಿಯ ಜಗಳ ಮಾತ್ರ ಚಿಕ್ಕಂದಿನಿಂದ ಕನ್ನಡದಲ್ಲೇ.

ಆ ಕಡೆ ಸ್ವಲ್ಪ ಹೊತ್ತು ಸ್ಪ್ಯಾನರ್ ಸದ್ದು. “ಹುಡ್ಗನ ಕತ್ತಿ ತೆಗ್ದಿಟ್ಟು ಮಾತಾಡ್ಸು. ಕತ್ತಿ ಇದ್ರೆ ಅವ ಹೇಳಲ್ಲ.”

“ಖಂಡಿತಾ?”

“ಇಲ್ಲಾಂದ್ರೆ ಮೊದ್ಲು ಹುಡ್ಗಿ ಹತ್ರ ಮಾತಾಡು, ಆಮೇಲೆ ಅವನ ಹತ್ರ ಹೋಗು. ಎಂತದೋ ಒಂದಿದೆ ಮಾರಾಯ್ತಿ, ಮರ್ತೋಗಿದೆ. ಇಡ್ತೀನಿ, ಶಾಂತವೀರಪ್ಪನವ್ರ ಗಾಡಿ ಬಿಚ್ಚಿ ಹಾಕಿದೀನಿ.”

ಅವಳು ಲ್ಯಾಪ್‌ಟಾಪ್, ಕನ್ಸೋಲ್ ಎರಡನ್ನೂ ಚೀಲಕ್ಕೆ ತುರುಕಿ ಗೋಣಿಬೀಡಿಗೆ ಮಧ್ಯಾಹ್ನ ಎರಡರ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕತ್ತಿ ತೆಗೆದಿಟ್ಟು ನೋಡಿದಳು. ಹುಡುಗಿಯನ್ನು ಮೊದಲು ಮಾತಾಡಿಸಿ ನೋಡಿದಳು. ಹುಡುಗಿ ಹಸಿವು ಎಂದಳು, ಅಂಬಿಗ ಹತ್ತು ನಾಣ್ಯ ಎಂದ. ತಿರುವಿಗೊಮ್ಮೆ ವಾಲಾಡುತ್ತಾ ಇರುವೆ ಗಾತ್ರದ ಅಕ್ಷರ ಓದಿ ಅವಳಿಗೆ ವಾಕರಿಕೆ ಬಂತು. ಸೌಂದರ್ಯಳ ಸಂದೇಶ ಬಂತು: ‘ಅಂಬಿಗನ ಚಿತ್ರ ಹಾಕಿ ಪುಟ ಸಿದ್ಧವಾಗಿದೆ. ನಾಲ್ಕೂವರೆಯೊಳಗೆ ಕಳಿಸಿ. ಮೊದಲ ಪ್ಯಾರಾ ಅವನದೇ ಇರಲಿ.’

ಗ್ಯಾರೇಜಿನ ಮುಂದೆ, ಜೀಪಿನಿಂದ ಬಿಚ್ಚಿಟ್ಟ ಸೀಟಿನ ಮೇಲೆ ಕಾಫಿ ಪ್ಲಾಂಟರ್ ಶಾಂತವೀರಪ್ಪ ಕೂತಿದ್ದರು. “ಐದಕ್ಕೆ ಆಳುಗಳನ್ನ ಬಿಟ್ಟು ಬರ್ಬೇಕು, ನಿಮ್ಮಣ್ಣ ನೋಡಿದ್ರೆ ಕ್ಲಚ್ ಬಿಚ್ಚಿ ಇನ್ನೂ ಕನಸು ಕಾಣ್ತಿದಾನೆ” ಎಂದು ಇಲ್ಮಾಳಿಗೆ ದೂರು ಹೇಳಿದರು. ಜೀಪಿನ ಅಡಿಯಿಂದ ಉಬೈದ್‌ನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಅವಳು ಆ ಕಾಲುಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

“ಕತ್ತಿ ತೆಗ್ದೆ. ಹುಡ್ಗೀನ ಮಾತಾಡ್ಸಿದೆ. ಇನ್ನೆಂತ ಮಾಡ್ಬೇಕು, ಹೇಳು.”

“ಮೂರು ಸಲ ಇಲ್ಲ ಅಂತ ಒತ್ತು.”

“ಹನ್ನೊಂದು ಸಲ ಒತ್ತಿದೀನಿ. ಭಾಯ್, ಆ ಆಟ ಜಪಾನಿ ಭಾಷೇದು.”

ಸ್ಪ್ಯಾನರ್ ನಿಂತಿತು. ಕಾಲುಗಳು ಅಲ್ಲಾಡಲಿಲ್ಲ.

“ಹೌದಾ?” ಎಂದ ಅಡಿಯಿಂದಲೇ. “ನಂಗೆ ಯಾವ ಭಾಷೆ ಅಂತ ಗೊತ್ತಿರ್ಲಿಲ್ಲ. ಇಂಗ್ಲಿಷ್ ಅಲ್ಲ ಅಂತ ಮಾತ್ರ ಗೊತ್ತಿತ್ತು.”

ಇಲ್ಮಾಳಿಗೆ ಸಿಟ್ಟು ನೆತ್ತಿಗೇರಿತು. ಸೌದಿಯಿಂದ ಚಿಕ್ಕಪ್ಪ ತಂದುಕೊಟ್ಟ ಹಳೆಯ ಆಟ, ಹೆಸರಿನ ಚೀಟಿ ಹರಿದುಹೋದದ್ದು. ಅಣ್ಣ ತೊಡೆಯ ಮೇಲೆ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸದೆ ಓದುತ್ತಿದ್ದ. ಏಳನೆಯ ಕ್ಲಾಸಿನ ನಮ್ಮ ಉಬೈದ್ ಇಂಗ್ಲಿಷ್ ನೀರು ಕುಡಿದಂತೆ ಓದುತ್ತಾನೆ ಎಂದು ಅಮ್ಮಿ ಊರಿಗೆಲ್ಲ ಹೇಳಿದ್ದಳು.

“ಎಲ್ಲ ಸುಳ್ಳಾ? ರಾಣಿ ಕಥೆ, ಕಮ್ಮಾರನ ಶಾಪ, ಎಲ್ಲ?”

“ಗೊಂಬೆಗಳು ಓಡಾಡ್ತಿದ್ವಲ್ಲ, ಅದನ್ನ ನೋಡಿ ಹೇಳ್ತಿದ್ದೆ.”

“ನಾನು ಅದನ್ನ ಸಾವಿರಾರು ಜನಕ್ಕೆ ಬರ್ದಿದೀನಿ! ಒಬ್ಬ ಸುಳ್ಳು ಅಂದ್ರೆ ಅವನಿಗೇ ಬುದ್ಧಿ ಹೇಳಿದೀನಿ. ಲೇಖನ ಬಂದಾಗ್ಲಾದ್ರೂ ಬಾಯಿ ಬಿಡ್ಬೇಕಿತ್ತಲ್ವಾ ನೀನು?”

ಉಬೈದ್ ಹೊರಗೆ ಜಾರಿ ಬಂದ. ಹಣೆಯ ಮೇಲೆ ಗ್ರೀಸು. ಅವಳ ಮುಖ ನೋಡದೆ ಬಟ್ಟೆಯಲ್ಲಿ ಬೆರಳು ಒರೆಸುತ್ತಾ ಕೂತ. ಶಾಂತವೀರಪ್ಪನವರು ಸೀಟಿನಿಂದಲೇ, “ಆ ಅಂಬಿಗಂದು ನಾನೂ ಓದಿದೆ ಕಣಮ್ಮಾ. ಇವ್ನು ಕ್ಲಚ್ಚಿಗೆ, ಬ್ರೇಕಿಗೆ ಬಂದೋರಿಗೆಲ್ಲ ಕಳ್ಸಿದಾನೆ” ಎಂದರು.

“ನೀನು ಅಷ್ಟು ಹೊಗಳಿದ್ದೆ” ಎಂದ ಉಬೈದ್ ನೆಲ ನೋಡುತ್ತಾ. “ಈ ಸಾಲು ಬರ್ದೋನು ಯಾವ್ದೋ ಊರಲ್ಲಿ ತಂಗೀನ ಬಿಟ್ಟು ಬಂದಿರ್ಬೇಕು ಅಂತ ಬರ್ದಿದ್ಯಲ್ಲ. ಅದು ನಾನೇ ಅಂತ ಹೆಂಗೆ ಹೇಳೋದು ಮಾರಾಯ್ತಿ?”

ಇಲ್ಮಾ ಚೀಲ ಕೆಳಗಿಟ್ಟು ನೆಲದ ಮೇಲೇ ಕೂತಳು.

“ಒಂದು ದಿನ ನೀ ಮಲ್ಗಿದ್ದಾಗ ಒಬ್ನೇ ಆಡಿದ್ದೆ. ನಾಣ್ಯ ಕೊಡೋ ಬಟನ್ ಒತ್ತಿದ್ರೆ ದೋಣಿ ಹೋಗ್ತದೆ, ಹುಡ್ಗಿ ಅಲ್ಲೇ ನಿಂತಿರ್ತದೆ. ಮಾರನೇ ದಿನ ನಾನು ಹಾಸನಕ್ಕೆ ಹೊರಡೋದಿತ್ತು, ಮಾಮು ಗ್ಯಾರೇಜಿಗೆ. ಶಾಲೆ ಸಾಕು ಅಂತ ಅಬ್ಬ ಹೇಳಾಗಿತ್ತು. ನಿಂಗೆ ಅದನ್ನ ಹೆಂಗೆ ತೋರಿಸ್ಲಿ? ಆಫ್ ಮಾಡ್ಬಿಟ್ಟೆ. ನೀ ಎದ್ದ ಮೇಲೆ ಇನ್ನೊಂದು ಬಟನ್ ಒತ್ತಿ, ಅಂಬಿಗನ ಮಾತು ಕಟ್ಟಿ ಹೇಳಿ, ಇಷ್ಟೇ ಆಟ ಅಂದೆ.”

ಅವಳಿಗೆ ಆ ಬೆಳಗು ನೆನಪಿತ್ತು. ಮೂಡಿಗೆರೆ ಬಸ್ ನಿಲ್ದಾಣದಲ್ಲಿ ಅಮ್ಮಿ ಅಳುತ್ತಿದ್ದಳು, ತಾನು ಅತ್ತಿರಲಿಲ್ಲ. ತಂಗಿಯನ್ನು ಬಿಟ್ಟು ಹೋಗುವವನನ್ನು ಯಾವ ಡ್ರೈವರೂ ಕರೆದೊಯ್ಯುವುದಿಲ್ಲ ಎಂದು ಆರು ವರ್ಷದ ಇಲ್ಮಾ ನಂಬಿದ್ದಳು. ಬಸ್ಸು ಹೊರಟಿತು. ಅವನು ರಂಜಾನಿಗೆ ಬಂದಾಗ ಎರಡು ದಿನ ಅವನ ಹತ್ತಿರ ಮಾತಾಡಿರಲಿಲ್ಲ, ಯಾಕೆಂದು ಯಾರಿಗೂ ಹೇಳಿರಲಿಲ್ಲ.

“ಒಂದ್ಕೆಲ್ಸ ಮಾಡು” ಎಂದ ಉಬೈದ್ ಚುರುಕಾಗಿ, ಗಾಡಿಯ ರೋಗ ಸಿಕ್ಕಿದವನ ಹಾಗೆ. “ಹಳೇದ್ರಲ್ಲಿ ಇತ್ತು, ಹೊಸದ್ರಲ್ಲಿ ತೆಗ್ದಾಕಿದಾರೆ ಅಂತ ಬರಿ. ಜಪಾನಿ ಆಟ ಹುಡ್ಕಿ ಆಡಿ ನೋಡೋರು ಎಷ್ಟು ಜನ? ಕೆಲ್ಸ ಉಳೀತದೆ.”

ಅವಳು ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೀಟಿನ ಇನ್ನೊಂದು ತುದಿಯಲ್ಲಿ ಕೂತು, ಲ್ಯಾಪ್‌ಟಾಪ್ ತೆರೆದು, ‘ಹಳೆಯ ಆಟದ ಜೀವವಾಗಿದ್ದ ದೃಶ್ಯವನ್ನೇ ಹೊಸ ಆವೃತ್ತಿಯಲ್ಲಿ ಕಿತ್ತುಹಾಕಿದ್ದಾರೆ’ ಎಂದು ಟೈಪ್ ಮಾಡಿಯೂ ಬಿಟ್ಟಳು. ಸಾಲು ಚೆನ್ನಾಗಿತ್ತು, ಹಾಳಾದ್ದು. ಓದುಗರು ಸಿಟ್ಟಾಗುತ್ತಾರೆ, ಹಂಚುತ್ತಾರೆ, ಸೌಂದರ್ಯ ಕುಣಿದಾಡುತ್ತಾಳೆ. ಆದರೆ ಯಾರೋ ಜಪಾನಿನವರು ಇಪ್ಪತ್ತೇಳು ವರ್ಷದ ಹಿಂದೆ ಕಷ್ಟಪಟ್ಟು ಮಾಡಿದ ಆಟ ಅದು, ಅವರ ಮೇಲೆ ಮಾಡದ ತಪ್ಪು ಹೊರಿಸಬೇಕಾಗುತ್ತಿತ್ತು. ಅದಕ್ಕಿಂತ, ಅಣ್ಣ ಕಟ್ಟಿದ ಅಂಬಿಗನ ಸಾಲು ಕೊನೆಗೂ ಯಾರದೂ ಅಲ್ಲದೆ ಹೋಗುತ್ತಿತ್ತು. ಅವಳು ಟೈಪ್ ಮಾಡಿದ್ದನ್ನು ಅಳಿಸಿದಳು.

ನಾಲ್ಕು ಗಂಟೆ. ಉಬೈದ್ ಕ್ಲಚ್ ಪ್ಲೇಟ್ ಕೂರಿಸುತ್ತಿದ್ದ. ಅವಳು ಬರೆದದ್ದನ್ನು ಜೋರಾಗಿ ಓದಿದಳು: “ಕಳೆದ ತಿಂಗಳು ನಾನು ಹೊಗಳಿದ ಅಂಬಿಗನ ಮಾತು ಈ ಆಟದಲ್ಲಿ ಇಲ್ಲ, ಹಿಂದೆಯೂ ಇರಲಿಲ್ಲ. ಅದನ್ನು ಕಟ್ಟಿದವನು ನನ್ನ ಅಣ್ಣ. ಆಗ ಅವನಿಗೆ ಹದಿಮೂರು ವರ್ಷ. ಪರದೆಯ ಮೇಲಿದ್ದ ಭಾಷೆ ಅವನಿಗೆ ಬರುತ್ತಿರಲಿಲ್ಲ. ಸಂಶಯಪಟ್ಟ ಓದುಗರ ಕ್ಷಮೆ ಕೇಳುತ್ತೇನೆ. ಈ ಮೂರನೆಯ ಆಟವನ್ನು ನಾನು ಇನ್ನೂ ಮುಗಿಸಿಲ್ಲ, ಆದ್ದರಿಂದ ಅಂಕ ಕೊಡುತ್ತಿಲ್ಲ.”

“ಓದೋಕೆ ಬರ್ತಿರ್ಲಿಲ್ಲ ಅಂತ ಬರೀಬೇಡ” ಎಂದ ಜೀಪಿನ ಅಡಿಯಿಂದ. “ಗಿರಾಕಿಗಳು ಓದ್ತಾರೆ.”

“ಜಪಾನಿ ಯಾರಿಗೆ ಬರ್ತದೆ ಭಾಯ್? ಶಾಂತವೀರಪ್ಪನವ್ರಿಗೆ ಬರ್ತದಾ?”

“ನಂಗೆ ಸರಿಯಾಗಿ ಇಂಗ್ಲಿಷೇ ಬರಲ್ಲ ಮಾರಾಯಾ, ಹಂಗೇ ಇರ್ಲಿ ಬಿಡು” ಎಂದರು ಶಾಂತವೀರಪ್ಪನವರು.

ನಾಲ್ಕು ಇಪ್ಪತ್ತೈದಕ್ಕೆ ಕಳಿಸಿದಳು. ನಾಲ್ಕು ಮೂವತ್ತೆರಡಕ್ಕೆ ಸೌಂದರ್ಯಳ ಫೋನ್ ಬಂತು.

“ಇಲ್ಮಾ, ಏನಿದು? ಇದನ್ನ ಹಾಕಿದ್ರೆ ಹಳೇ ಲೇಖನಕ್ಕೂ ತಿದ್ದುಪಡಿ ಹಾಕ್ಬೇಕು. ನಾನು ನಿಮ್ಮನ್ನ ಆರಿಸಿದ್ದೇ ಆ ಲೇಖನದ ಮೇಲೆ.”

“ಗೊತ್ತು.”

“ಅಂಬಿಗನ ವಿಷಯಾನೇ ಎತ್ತಬೇಡಿ. ಆ ಪ್ಯಾರಾ ತೆಗೆದು ಕಳಿಸಿ. ಹತ್ತು ನಿಮಿಷ ಕಾಯ್ತೀನಿ.”

ಇಲ್ಮಾ ಜೀಪಿನ ಕಡೆ ನೋಡಿದಳು. ಸ್ಪ್ಯಾನರ್ ಸದ್ದು ನಿಂತಿತ್ತು. “ಬೇಡ ಮೇಡಂ. ಹಾಕೋದಾದ್ರೆ ಹಾಗೇ ಹಾಕಿ.”

“ಹಾಕ್ತೀನಿ” ಎಂದಳು ಸೌಂದರ್ಯ. “ಆದ್ರೆ ಕಾಯಂ ಕೆಲಸದ ಮಾತು ಈಗ ಮೇಲಿನವರ ಹತ್ರ ಎತ್ತೋಕಾಗಲ್ಲ. ಸಾರಿ.”

ಐದಕ್ಕೆ ಮೊದಲೇ ಶಾಂತವೀರಪ್ಪನವರ ಜೀಪು ಕೆಮ್ಮಿ, ಸದ್ದು ಮಾಡಿ, ರಸ್ತೆಗೆ ಇಳಿಯಿತು. ಐದೂವರೆಗೆ ವಿಮರ್ಶೆ ಬಂತು, ನೆತ್ತಿಯ ಮೇಲೆ ತಿದ್ದುಪಡಿಯ ದಪ್ಪಕ್ಷರದ ಜೊತೆ. ಇಲ್ಮಾ ಕೆಳಗಿನ ಕಮೆಂಟುಗಳನ್ನು ನೋಡದೆ ಫೋನ್ ಮಗುಚಿ ಹಾಕಿದಳು. ಅಪ್ಪನಿಗೆ ಏನು ಹೇಳುವುದೆಂದು ಯೋಚಿಸಿ ಅವಳಿಗೆ ಅಳು ಬಂತು, ತಡೆದುಕೊಂಡಳು.

ಉಬೈದ್ ಸೋಪಿನಲ್ಲಿ ಕೈ ತೊಳೆದು ಬಂದು ಪಕ್ಕದಲ್ಲಿ ಕೂತ. “ಕೊಡಿಲ್ಲಿ” ಎಂದ. ಅವಳು ದಡದಲ್ಲಿ ಸೇವ್ ಮಾಡಿಟ್ಟಿದ್ದ ಆಟವನ್ನು ತೆರೆದು ಕನ್ಸೋಲನ್ನು ಅವನ ಕೈಗಿಟ್ಟಳು. ಅವನು ಅದನ್ನು ಹಗುರವಾಗಿ, ಕಾರ್ಬೊರೇಟರಿನ ಒಳಭಾಗವನ್ನು ಹಿಡಿದಂತೆ ಹಿಡಿದುಕೊಂಡ.

“ನೀರು ಚಂದ ಮಾಡಿದಾರೆ” ಎಂದ. “ಆಚೆ ಎಂತ ಇದೆ? ಹುಡ್ಗಿ ಆಮೇಲೆ ಬರ್ತದಾ?”

“ಗೊತ್ತಿಲ್ಲ. ನಾನೂ ನೋಡಿಲ್ಲ.”

ಅಂಬಿಗ ಹತ್ತು ನಾಣ್ಯ ಕೇಳಿದ. ಉಬೈದ್‌ನ ಹೆಬ್ಬೆರಳು ‘ಹೌದು’ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು ‘ಇಲ್ಲ’ ಒತ್ತಿತು. ಪರದೆಯ ಕೆಳಗೆ ಸಾಲು ಮೂಡಿತು. ಅವನು ಅದರ ಕೆಳಗೆ ಬೆರಳಿಟ್ಟ.

“ಎಂತ ಹೇಳ್ತಾನೆ?”

“ಸರಿ, ದೋಣಿ ಇಲ್ಲೇ ಇರ್ತದೆ, ಅಂತ.”

“ಹಾಗೇ ಇದೆಯಾ, ನೀ ಕಟ್ಟಿ ಹೇಳ್ತಿದೀಯಾ?”

“ಹಾಗೇ ಇದೆ, ಭಾಯ್.”

ಉಬೈದ್ ತಲೆಯಾಡಿಸಿದ. ಹುಡುಗನನ್ನು ದಡದಲ್ಲಿ ಒಂದು ಸುತ್ತು ನಡೆಸಿದ. ಕೆಂಪು ಅಂಗಿಯ ಹುಡುಗಿ ಹಿಂದೆ ಹಿಂದೆ ಬಂದಳು. ಅವನು ಅಂಬಿಗನ ಮುಂದೆ ನಿಂತು ಮತ್ತೆ ‘ಇಲ್ಲ’ ಒತ್ತಿದ.