ಗೇಟಣ್ಣನ ಮೂರು ಸಂಜೆ

ದರ್ಜಿ ಕೋಟಿನ ಬೆನ್ನಿನ ಹೊಲಿಗೆ ಬಿಚ್ಚುತ್ತಿದ್ದ. ಮೂವತ್ತು ವರ್ಷ ಸೇತುವೆಯ ಗೇಟು ಕಾದವನ ಕೋಟು ಅದು. ಕೊನೆಯ ಕಾಯಿಲೆಯಲ್ಲಿ ಗೇಟಣ್ಣ ಅರ್ಧಕ್ಕರ್ಧ ಇಳಿದುಹೋಗಿದ್ದ. ಇದ್ದ ಹಾಗೇ ತೊಡಿಸಿದರೆ ಬರೀ ಕೋಟೇ ಮಲಗಿದಂತೆ ಕಾಣುತ್ತಿತ್ತು. ಪಕ್ಕದ ಕೋಣೆಯಲ್ಲಿ ಅವನನ್ನು ಮಲಗಿಸಿದ್ದರು. ನದಿಯ ಮಂಜು ಕಿಟಕಿಯಿಂದ ಒಳಗೆ ಬಂದು, ಯಾರನ್ನೋ ಹುಡುಕುವಂತೆ ನೆಲದ ಮೇಲೆ ಸುಳಿದಾಡುತ್ತಿತ್ತು.

"ನೀನು ಬರ್ತೀಯ ಅಂದ್ಕೊಂಡಿರ್ಲಿಲ್ಲ ಕಣಪ್ಪ," ಎಂದಳು ಗೇಟಣ್ಣನ ಹೆಂಡತಿ.

"ಹೇಳಿ ಕಳಿಸಿದ್ರಲ್ಲ ಅಕ್ಕ. ಕೆಲಸ ಅಂದ್ಮೇಲೆ ಕೆಲಸ," ಎಂದ ದರ್ಜಿ, ತಲೆ ಎತ್ತದೆ. ಅವನು ಆಚೆ ದಡದವನು. ಈ ಆರು ವರ್ಷದಲ್ಲಿ ಎಷ್ಟೋ ಸಲ ಸೇತುವೆ ದಾಟಿದ್ದರೂ ಗೇಟಣ್ಣನ ಮುಖ ನೋಡಿರಲಿಲ್ಲ.

ಅಂಗಳದಲ್ಲಿ ಜನ ಸೇರುತ್ತಿದ್ದರು. ಆಚೆ ದಡದವರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೆ, ಈಚೆಯವರು ಅಳತೆ ಹಾಕಿದಂತೆ ಬಿಡಿಬಿಡಿಯಾಗಿ ನಿಂತಿದ್ದರು.

"ರೋಗ ಹೋಗಿ ಎಷ್ಟು ಕಾಲ ಆಯ್ತು, ನಿಮ್ಮೋರು ಇನ್ನೂ ಮಾರು ದೂರ!" ಎಂದ ಆಚೆ ದಡದ ಬೇಕರಿಯವನು.

"ನಿಮ್ಮೋರು ಆಗ್ಲೂ ಒಬ್ಬರ ಮೇಲೊಬ್ಬರು ಬಿದ್ಕೊಂಡೇ ಇದ್ರಲ್ಲ," ಎಂದರು ಈಚೆಯ ಮೇಷ್ಟ್ರು. "ನಮ್ಮ ಸರ್ಕಾರ ಬೀಗ ಹಾಕ್ತು. ನಿಮ್ಮದು ಕೈ ತೊಳ್ಕೊಳ್ಳಿ ಅಂತು, ಅಷ್ಟೇ."

"ಕೈ ತೊಳ್ಕೊಂಡಿದ್ದು ಸರ್ಕಾರಾನೇ ಬಿಡಿ ಮೇಷ್ಟ್ರೇ."

ಇಬ್ಬರೂ ನಗಲು ಹೋಗಿ, ಸಾವಿನ ಮನೆಯೆಂದು ನೆನಪಾಗಿ ಸುಮ್ಮನಾದರು.

*

ಒಂದೇ ನದಿ, ಒಂದೇ ಗಾಳಿ, ದಡಕ್ಕೊಂದು ಸರ್ಕಾರ. ಆರು ವರ್ಷದ ಹಿಂದೆ, ರೋಗ ಬಂದ ಆ ವರ್ಷ, ಈಚೆ ದಡದಲ್ಲಿ ಸಂಜೆಯ ಸೈರನ್ನಿಗೆ ಮುಂಚೆಯೇ ಬೀದಿಗಳು ಖಾಲಿ. ಆಚೆ ಅದೇ ಹೊತ್ತಿಗೆ ಹೋಟೆಲುಗಳ ದೀಪ ಹೊತ್ತುತ್ತಿತ್ತು. ಈಚೆಯವರು ಕಿಟಕಿಯಲ್ಲಿ ನಿಂತು, ನೀರಿನಲ್ಲಿ ನಡುಗುವ ಆ ದೀಪಗಳನ್ನು ಕನಸು ಕಂಡಂತೆ ನೋಡುತ್ತಿದ್ದರು. ಸಾವು ಮಾತ್ರ ಎರಡೂ ಕಡೆ ಓಡಾಡಿತು. ಅದನ್ನು ಯಾವ ಗೇಟೂ ತಡೆಯಲಿಲ್ಲ.

ಒಂದು ಮಧ್ಯಾಹ್ನ ದರ್ಜಿ ಸೇತುವೆಯ ಮೇಲೆ ಓಡುತ್ತಾ ಬಂದ. ಅವನ ತಾಯಿ ಈಚೆ ದಡದಲ್ಲಿ ಒಬ್ಬಳೇ, ಜ್ವರದಲ್ಲಿ ಮಲಗಿದ್ದಳು.

"ಅಮ್ಮನ್ನ ನೋಡ್ಬೇಕು ಗೇಟಣ್ಣ. ಐದೇ ನಿಮಿಷ."

"ಆಗಲ್ಲಪ್ಪ. ಆರ್ಡರ್ ಇದೆ."

"ಕೀಲಿ ನಿಮ್ಮ ಸೊಂಟದಲ್ಲೇ ಇದೆಯಲ್ಲ!"

ಗೇಟಣ್ಣ ಕೀಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ನಿನಗೆ ತೆಗೆದ್ರೆ, ನಿನ್ನ ಹಿಂದೆ ಇರೋರಿಗೆ ಏನ್ ಹೇಳ್ಲಿ?"

ದರ್ಜಿಯ ಹಿಂದೆ ನಲವತ್ತು ಜನರಿದ್ದರು. ಮೂರನೆಯ ದಿನ ರಾತ್ರಿ ಅವನ ತಾಯಿ ತೀರಿಕೊಂಡಳು. ನಗರಸಭೆಯವರೇ ಮಣ್ಣು ಮಾಡಿದರು.

*

"ಆ ಕೀಲಿ ಇನ್ನೂ ಕಣ್ಣಿಂದ ಹೋಗಿಲ್ಲ ಅಕ್ಕ," ಎಂದ ದರ್ಜಿ.

"ಅವರ ಕಣ್ಣಿಂದಾನೂ ಹೋಗಿರ್ಲಿಲ್ಲ." ಅವಳು ಪಕ್ಕದ ಕೋಣೆಯ ಕಡೆ ನೋಡಿದಳು. "ಆ ಮೂರು ಸಂಜೆ ಪಾಳಿ ಮುಗಿದ ಮೇಲೆ ಅವರು ನೆಟ್ಟಗೆ ಮನೆಗೆ ಬರ್ಲಿಲ್ಲ. ನಿಮ್ಮಮ್ಮನ ಕಿಟಕಿ ಹೊರಗೆ ನಿಂತ್ಕೋತಿದ್ರು. ಒಳಗೆ ಹೋಗೋ ಹಾಗಿರ್ಲಿಲ್ಲ. ಜ್ವರದ ಮಂಪರಲ್ಲಿ ನಿಮ್ಮಮ್ಮ 'ಮಗಾ, ಬಂದ್ಯಾ?' ಅಂದ್ರಂತೆ. ಇವರು 'ಬಂದೆ ಅಮ್ಮ' ಅಂದ್ಬಿಟ್ರಂತೆ."

ಸೂಜಿ ನಿಂತಿತು.

"'ಗೇಟು ತೆಗೆದ್ರಾ?' ಅಂದ್ರೆ 'ತೆಗೆದ್ರಮ್ಮ.' 'ಊಟ ಆಯ್ತಾ?' ಅಂದ್ರೆ 'ಆಯ್ತಮ್ಮ.' ಎರಡು ಸಂಜೆ ಇದೇ ಮಾತು. ಮೂರನೇ ದಿನ ಊಟದ್ದೊಂದೇ ಕೇಳಿದ್ದು."

"ನನಗ್ಯಾಕೆ ಹೇಳ್ಲಿಲ್ಲ?"

"ಮಗನ್ನ ತಡೆದೋನೂ ನಾನೇ, ಮಗನ ಮಾತು ಕದ್ದೋನೂ ನಾನೇ, ಯಾವ ಮುಖ ಇಟ್ಕೊಂಡು ಹೇಳ್ಲಿ ಅಂತಿದ್ರು."

ದರ್ಜಿ ಕೋಟಿನ ತೋಳನ್ನು ಮಡಿಲಿಗೆ ಎಳೆದುಕೊಂಡು ಅಂಗೈಯಿಂದ ಸುಕ್ಕು ಬಿಡಿಸಿದ.

"ಅಮ್ಮ ನಗ್ತಿದ್ರಂತಾ ಅಕ್ಕ?"

"ಅದು ಗೊತ್ತಿಲ್ಲಪ್ಪ. ಕಿಟಕಿಗೆ ಪರದೆ ಇತ್ತು."

ಅವನು ಮತ್ತೆ ಹೊಲಿದ. ಸಣ್ಣ ಸಣ್ಣ ಹೊಲಿಗೆ, ಯಾರಿಗೂ ಕಾಣದ ಒಳಮೈಯಲ್ಲೂ ಅಷ್ಟೇ ನಾಜೂಕು. ಆಮೇಲೆ ಪಕ್ಕದ ಕೋಣೆಗೆ ಹೋಗಿ, ತಾನೇ ಗೇಟಣ್ಣನಿಗೆ ಕೋಟು ತೊಡಿಸಿದ.

ಶವದ ಪೆಟ್ಟಿಗೆ ಎತ್ತುವ ಹೊತ್ತಿಗೆ ಬೀದಿಯೇ ಮಂಜಿನಲ್ಲಿ ಕರಗಿತ್ತು. ಮೇಷ್ಟ್ರು ಹಿಡಿಯಬೇಕಿದ್ದ ಮೂಲೆಗೆ ದರ್ಜಿ ಹೆಗಲು ಕೊಟ್ಟ.

"ನೀನು ಕುಳ್ಳ ಕಣೋ, ಪೆಟ್ಟಿಗೆ ವಾಲತ್ತೆ," ಎಂದು ಬೇಕರಿಯವನು ಪಿಸುಗುಟ್ಟಿದ.

"ವಾಲಲ್ಲ, ನಡೀರಿ."

ಹೊತ್ತವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಹಿಂದೆ ಬರುತ್ತಿದ್ದವರಿಗೆ ಕಂಡದ್ದು ನಾಲ್ಕು ಜೊತೆ ಕಾಲು. ಅದರಲ್ಲೊಂದು ಜೊತೆಯ ಹಿಮ್ಮಡಿ ಸ್ಮಶಾನದವರೆಗೂ ನೆಲ ಮುಟ್ಟಲಿಲ್ಲ; ಯಾರೋ ನಿದ್ದೆ ಮಾಡುತ್ತಿರುವ ಮನೆಯಲ್ಲಿ ನಡೆಯುವವನಂತೆ, ಅವನು ಉದ್ದಕ್ಕೂ ತುದಿಗಾಲಲ್ಲೇ ನಡೆದ.