ಗಾಳಿಯ ಪಾಠ

ಕಾಡ್ಗಿಚ್ಚಿನ ಕಂಟ್ರೋಲ್ ರೂಮಿನಲ್ಲಿ ಫ್ಯಾನ್ ಇದ್ದೂ ಇಲ್ಲದ ಹಾಗೆ. ಹಾಕಿದರೆ ಅದರ ಗರಗರ ಸದ್ದು ಮೈಕಿನೊಳಗೆ ಹೋಗಿ ಬೆಟ್ಟದ ಮೇಲಿರುವವರ ಕಿವಿ ಕೊರೆಯುತ್ತದೆ ಎಂದು ಸಾಹೇಬರು ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದರು. ಬೇಸಿಗೆಯಿಡೀ ಅಕ್ಕ ಅಲ್ಲೇ ಬೆವರುತ್ತ ಕುಳಿತು, ಬೆಂಕಿ ಆರಿಸುವ ನಾಲ್ಕು ತಂಡಗಳಿಗೆ ಗಂಟೆಗೊಮ್ಮೆ ಹವಾಮಾನ ಓದುತ್ತಿದ್ದಳು. ಸೆಕೆ ಎಷ್ಟು, ತೇವಾಂಶ ಎಷ್ಟು, ಗಾಳಿ ಯಾವ ಕಡೆಯಿಂದ, ಮುಂದೆ ಏನಾಗಬಹುದು. ಅದರಾಚೆ ಒಂದು ಅಕ್ಷರ ಹೆಚ್ಚಿಗೆ ಆಡುವಂತಿರಲಿಲ್ಲ. ಮೂರನೇ ತಂಡದ ವಾಕಿಟಾಕಿ ಹೊತ್ತು ತಿರುಗುತ್ತಿದ್ದವನು ಅವಳ ತಮ್ಮನೇ ಆದರೂ, ಮೈಕಿನ ಮುಂದೆ ಅವನು ಬರೀ ‘ಮೂರನೇ ತಂಡ’.

ಕೆಲಸಕ್ಕೆ ಸೇರಿದ ದಿನವೇ ಸಾಹೇಬರು ಹೇಳಿದ್ದರು: “ನೋಡಮ್ಮ, ಇಲ್ಲಿ ನಿನ್ನ ದನಿ ನಡುಗಿದ್ರೆ ಅಲ್ಲಿ ಅವರ ಕಾಲು ನಡುಗ್ತವೆ. ಎಂಥ ಸುದ್ದಿ ಇದ್ರೂ ಬಸ್ಸಿನ ಟೈಮ್ ಓದಿದ ಹಾಗೆ ಓದ್ಬೇಕು.” ಅಕ್ಕ ಹಾಗೆಯೇ ಓದುವುದನ್ನು ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ತಂಡದವರು ಅವಳಿಗೆ ಕಲ್ಲಕ್ಕ ಎಂದು ಹೆಸರಿಟ್ಟರು. ಅವಳಿಗದು ಬಿರುದಿನಂತೆ ಹಿತವಾಗಿತ್ತು. ಬದುಕಿನಲ್ಲಿ ಅವಳಿಗೆ ನೆಟ್ಟಗೆ ಬರುತ್ತಿದ್ದದ್ದು ಇದೊಂದೇ ಕೆಲಸ.

ಇನ್ನೊಂದು ನಿಯಮವಿತ್ತು. ಅವಳು ಓದಿದ್ದನ್ನು ಪ್ರತಿ ತಂಡದ ವಾಕಿಟಾಕಿಯವನೂ ಶಾಲೆಯ ಹುಡುಗನಂತೆ ಪಾಠ ಒಪ್ಪಿಸಬೇಕು. ತಪ್ಪಿದರೆ ಅವಳು ಮತ್ತೆ ಓದಬೇಕು, ತಪ್ಪದಿದ್ದರೆ ‘ಸರಿ’ ಎಂದು ಮುಂದಿನ ತಂಡಕ್ಕೆ ಹೋಗಬೇಕು. ಒಪ್ಪಿಸಿದವನು ಸುದ್ದಿಯನ್ನು ತನ್ನ ಮೇಸ್ತ್ರಿಗೆ ಮುಟ್ಟಿಸಬೇಕು. ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂದು ತೀರ್ಮಾನಿಸುವವನು ಮೇಸ್ತ್ರಿ. ಬಾಯಿಂದ ಬಂದದ್ದು ತಲೆಗೂ ಹೋಗಿದೆಯೋ ಇಲ್ಲವೋ ಎಂದು ನೋಡುವ ಯಂತ್ರವನ್ನು ಮಾತ್ರ ಯಾವ ಇಲಾಖೆಯೂ ಇನ್ನೂ ಕೊಂಡಿಲ್ಲ.

ತಮ್ಮನಿಗೆ ಹುಟ್ಟಿನಿಂದ ಬಂದ ವಿದ್ಯೆ ಅಣಕ. ಅಕ್ಕ ಓದಿ ಮುಗಿಸಿದ್ದೇ ತಡ, ಅವಳದೇ ದನಿಯಲ್ಲಿ, ಅವಳದೇ ಕಲ್ಲುರಾಗದಲ್ಲಿ ಪೂರ್ತಿ ಒಪ್ಪಿಸಿಬಿಡುತ್ತಿದ್ದ. ಹಿಂದಿನಿಂದ ತಂಡದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವುದು ಕೇಳುತ್ತಿತ್ತು. ಯಂತ್ರವೇ ಕೆಟ್ಟು ಒಂದೇ ಮಾತನ್ನು ಎರಡು ಸಲ ಆಡುತ್ತಿದೆ ಎಂದುಕೊಂಡು ಸಾಹೇಬರು ಒಮ್ಮೆ ಮೆಕ್ಯಾನಿಕ್ಕಿಗೆ ಬೈದದ್ದೂ ಉಂಟು. ವಿಷಯ ಗೊತ್ತಾದ ಮೇಲೆ ಆಫೀಸಿಗೆ ಆಫೀಸೇ ನಕ್ಕಿತು. ಅಕ್ಕನ ಮುಖ ಸುಟ್ಟ ಬದನೆಯಂತಾಯಿತು. ಮನೆಯಲ್ಲಿ ಊಟಕ್ಕೆ ಕುಳಿತಾಗ ಇನ್ನು ಸಾಕು ಮಾಡು ಎಂದು ಬೇಡಿಕೊಂಡಳು. ಅವನು ನಿನ್ನಾಣೆ ಎಂದ. ಎದ್ದು ಕೈ ತೊಳೆಯುವಾಗ ಆ ಆಣೆಯನ್ನೂ ಅವಳದೇ ದನಿಯಲ್ಲಿ ಹೇಳಿದ. ಅಮ್ಮ ಮಗನ ಬೆನ್ನು ತಟ್ಟಿ, ಇಷ್ಟಕ್ಕೆಲ್ಲ ಮುಖ ಊದಿಸಿಕೊಳ್ಳುತ್ತಾರಾ ಎಂದು ಮಗಳನ್ನೇ ಗದರಿದಳು.

ಮರುದಿನ ಮಧ್ಯಾಹ್ನ ಮೂರನೇ ತಂಡ ಬೆಂಕಿಯ ಪಶ್ಚಿಮಕ್ಕೆ, ಬೆಂಕಿಗಿಂತ ಮೇಲಿನ ಇಳಿಜಾರಿನ ಒಣಹುಲ್ಲಿನ ನಡುವೆ ನಿಂತು ಹುಲ್ಲು ಸವರುತ್ತಿತ್ತು; ಮೇಸ್ತ್ರಿ ಸಾಲಿನ ಆಚೆ ತುದಿಯಲ್ಲಿದ್ದ. ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರಿಂದ ಬೆಂಕಿ ಅವರಿಗೆ ಬೆನ್ನು ಹಾಕಿ ದೂರ ಸಾಗುತ್ತಿತ್ತು. ಆಗ ಅಕ್ಕನ ಮೇಜಿಗೆ ಹೊಸ ವರದಿ ಬಂತು. ಅವಳು ನಕ್ಷೆಯ ಮೇಲೆ ಮೂರನೇ ತಂಡದ ಗುಂಡುಪಿನ್ನನ್ನು ನೋಡಿದಳು. ಅಲ್ಲಿದ್ದವನು ತಮ್ಮ. ದನಿಗೆ ಅದು ತಿಳಿಯದ ಹಾಗೆ ನೋಡಿಕೊಂಡಳು.

“ತೇವಾಂಶ ಇಳಿಯುತ್ತಿದೆ. ಗಾಳಿ ಈಗ ಪಶ್ಚಿಮದಿಂದ. ಗಂಟೆಯೊಳಗೆ ತಿರುಗಿ ಪೂರ್ವದಿಂದ ಬೀಸಲಿದೆ. ಬಹಳ ಜೋರು.”

ಮೊದಲ ಎರಡು ತಂಡಗಳು ಒಪ್ಪಿಸಿದವು. ಮೂರನೆಯದರ ಸರದಿ ಬಂದಾಗ ಸ್ಪೀಕರಿನಿಂದ ಅವಳದೇ ದನಿ ಹೊರಬಂತು. ತೇವಾಂಶ, ಪಶ್ಚಿಮ, ಪೂರ್ವ, ಬಹಳ ಜೋರು. ಒಂದಕ್ಷರ ತಪ್ಪಿಲ್ಲ. ಹಿಂದೆ ನಗೆಯೋ ನಗೆ.

ಅಕ್ಕನಿಗೆ ಗೊತ್ತಾಯಿತು. ಅಣಕ ಮಾಡುವಾಗ ತಮ್ಮ ರಾಗ ಹಿಡಿಯುತ್ತಾನೆಯೇ ಹೊರತು ಮಾತನ್ನಲ್ಲ; ನಗುವವರಿಗೂ ಕೇಳುವುದು ರಾಗವೇ. ಏನು ಹೇಳಿದೆ ಎಂದು ಆಮೇಲೆ ಕೇಳಿದರೆ ಕಣ್ಣು ಪಿಳಿಪಿಳಿ ಬಿಡುತ್ತಾನೆ. ಬೆರಳು ಗುಂಡಿಯ ಮೇಲೇ ಇತ್ತು. ನಿನ್ನ ದನಿಯಲ್ಲಿ ಇನ್ನೊಮ್ಮೆ ಹೇಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಪ್ಪಿಸಿದ್ದರಲ್ಲಿ ತಪ್ಪಿರಲಿಲ್ಲ. ಪಕ್ಕದ ಮೇಜಿನ ಗುಮಾಸ್ತ ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿದ್ದ. ಅವಳ ಮೈಯೆಲ್ಲ ಉರಿಯಿತು. ಅನುಭವಿಸಲಿ, ಎಂದುಕೊಂಡಳು. ಗಾಳಿ ತಿರುಗಿದಾಗ ಎಲ್ಲರೆದುರು ಮೇಸ್ತ್ರಿಯ ಕೈಲಿ ಬೈಸಿಕೊಳ್ಳಲಿ ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

“ಸರಿ. ನಾಲ್ಕನೇ ತಂಡ,” ಎಂದಳು.

ಗಾಳಿ ಹೇಳಿದ ಮಾತಿಗೆ ತಪ್ಪಲಿಲ್ಲ. ಒಣಹುಲ್ಲಿನಲ್ಲಿ ಬೆಂಕಿ ಏರು ಹತ್ತುವಷ್ಟು ಬೇಗ ಮನುಷ್ಯರು ಹತ್ತಲಾರರು.

ಮುಂದಿನ ಸರದಿಯಲ್ಲಿ ಅವಳು ಮೂರನೇ ತಂಡವನ್ನು ಕರೆದಳು. ಉತ್ತರವಿಲ್ಲ. ಉತ್ತರ ಬರದಿದ್ದರೂ ಕರೆಯುತ್ತಲೇ ಇರಬೇಕೆಂಬುದು ನಿಯಮ. ಕರೆದಳು, ಮತ್ತೆ ಕರೆದಳು, ಕತ್ತಲಾಗುವ ತನಕ ಬಸ್ಸಿನ ಟೈಮ್ ಓದುವ ದನಿಯಲ್ಲೇ ಕರೆದಳು. ಸಾಹೇಬರು ಬೆನ್ನ ಹಿಂದೆ ನಿಂತು, ದನಿ ಹೀಗೇ ಇರಲಿ, ಉಳಿದವರು ಕೇಳಿಸಿಕೊಳ್ತಿದ್ದಾರೆ ಎಂದರು. ಬೂದಿಯಲ್ಲಿ ಆರು ಹೆಣ ಸಿಕ್ಕವು. ಐವರನ್ನು ಬೂಟಿನ ಅಳತೆಯಿಂದ ಗುರುತಿಸಿದರು. ತಮ್ಮನ ಅಂಗೈಗೆ ವಾಕಿಟಾಕಿ ಕರಗಿ ಅಂಟಿಕೊಂಡಿತ್ತು. ಬಿಡಿಸಲಾಗದೆ ಹಾಗೇ ಮಣ್ಣು ಮಾಡಿದರು.

ವಿಚಾರಣೆಗೆ ಬಂದವರು ಆ ದಿನದ ಧ್ವನಿಮುದ್ರಣ ಕೇಳಿ ತಲೆದೂಗಿದರು. ಓದಿದವಳದ್ದು ಏನೂ ತಪ್ಪಿಲ್ಲ, ದನಿ ಮಾದರಿಯಂತಿದೆ. ತಂಡ ಜಾಗ ಬಿಟ್ಟು ಕದಲಿಲ್ಲವೆಂದರೆ, ಮೂರನೇ ತಂಡದವನು ಸುದ್ದಿಯನ್ನು ಸರಿಯಾಗಿ ಪಡೆದೂ ಮೇಸ್ತ್ರಿಗೆ ಮುಟ್ಟಿಸಲಿಲ್ಲ, ತಪ್ಪೆಲ್ಲ ಅವನದೇ. ಸಾಹೇಬರು ಅಕ್ಕನಿಗೆ, ನೀನು ಪಾರಾದೆಯಮ್ಮ ಎಂದು ಸಮಾಧಾನ ಹೇಳಿದರು. ಮೇಸ್ತ್ರಿಯ ಹೆಂಡತಿ ಮಾತ್ರ ಮನೆಬಾಗಿಲಿಗೆ ಬಂದು, ಐದು ಮನೆ ಹಾಳು ಮಾಡಿದವನನ್ನು ಹೆತ್ತ ಹೊಟ್ಟೆ ಇದೇ ತಾನೇ ಎಂದು ಅಮ್ಮನಿಗೆ ಹಿಡಿಶಾಪ ಹಾಕಿ ಹೋದಳು. ಬೀದಿಯೆಲ್ಲ ಕಿಟಕಿ ತೆರೆದು ನೋಡಿತು.

ಅಮ್ಮ ಅಳಲಿಲ್ಲ. ನನ್ನ ಮಗ ಸುದ್ದಿ ಕೇಳಿಸಿಕೊಂಡು ಸುಮ್ಮನೆ ಕೂರುವವನಲ್ಲ, ಅದನ್ನು ನನ್ನ ಕಿವಿಯಾರೆ ಕೇಳಬೇಕು ಎಂದು ಪಟ್ಟು ಹಿಡಿದಳು. ಅಕ್ಕ ಎಷ್ಟು ಬೇಡವೆಂದರೂ ಬಿಡಲಿಲ್ಲ. ಕೊನೆಗೆ ಅಕ್ಕ ಆ ಧ್ವನಿಮುದ್ರಣವನ್ನು ತನ್ನ ಫೋನಿಗೆ ಹಾಕಿಸಿಕೊಂಡು ಬಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು.

ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಅಕ್ಕನ ದನಿ ಬಂತು. ಮತ್ತೆ ಅದೇ ದನಿ ಬಂತು. ಯಾರೋ ನಕ್ಕರು. ‘ಸರಿ’ ಎಂಬ ಮಾತು ಬಂತು. ಮತ್ತೆ ಹಾಕು ಎಂದಳು. ಮೂರನೇ ಸಲ ಮುಗಿದಾಗ ಕಣ್ಣು ತೆರೆದು ಮಗಳನ್ನು ನೋಡಿದಳು.

“ಇದ್ರಲ್ಲಿ ಅವನೆಲ್ಲಿದಾನೆ? ಎರಡು ಸಲವೂ ನೀನೇ ಮಾತಾಡ್ತಿದ್ದೀಯ. ನೀನೇ ಕೇಳಿ, ನೀನೇ ಉತ್ತರ ಕೊಟ್ಕೊಂಡಿದ್ದೀಯ. ನನ್ನ ಮಗನಿಗೆ ನೀವು ಹೇಳೇ ಇಲ್ಲ.”

ಅದು ಅವನೇ ಎನ್ನಬಹುದಿತ್ತು. ಹಾಗೆಂದರೆ, ಆರು ಜನರನ್ನು ಉಳಿಸಬಹುದಾಗಿದ್ದ ಸುದ್ದಿಯನ್ನು ಅವನು ಅಕ್ಕನನ್ನು ಗೇಲಿ ಮಾಡುತ್ತ ಗಾಳಿಗೆ ತೂರಿದ ಎಂದು ಹೆತ್ತವಳಿಗೆ ಬಿಡಿಸಿ ಹೇಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅಮ್ಮ ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಅಕ್ಕನಿಗೆ ತಿಳಿಯಲಿಲ್ಲ. ಅವನಿಗೆ ಮುಟ್ಟಿಲ್ಲವೆಂದು ಗೊತ್ತಿದ್ದೂ ‘ಸರಿ’ ಎಂದವಳು ತಾನೇ.

“ಹೌದಮ್ಮ,” ಎಂದಳು. “ಹೇಳ್ಲಿಲ್ಲ.”

ಆ ಮಾತೂ ಬಸ್ಸಿನ ಟೈಮ್ ಓದಿದ ಹಾಗೆಯೇ ಬಂತು. ಅವಳಿಗೀಗ ಬೇರೆ ದನಿ ಉಳಿದಿರಲಿಲ್ಲ. ಅಮ್ಮ ಫೋನನ್ನು ಅವಳ ಕಡೆ ತಳ್ಳಿ, ನಾನು ಬದುಕಿರುವ ತನಕ ಈ ಮನೆಯಲ್ಲಿ ಬಾಯಿ ತೆರೆಯಬೇಡ ಎಂದಳು.